ತಂಗಳ ಪೆಟ್ಟಿಗೆಗೆ ಹೊಸ ಬುತ್ತಿ

ನಮ್ಮ ಪತ್ರಿಕೆಯ ಬಹುಕಾಲದ ಓದುಗರಾದ ತಾಯಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗ ಮತ್ತು ಸೊಸೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ತಾವು ವಾಸಿಸುವ ಬಡಾವಣೆಯ ರಸ್ತೆಯ ಬದಿಯಲ್ಲಿ ನಾಲ್ಕಾರು ಜನ ಕೂಡಿ ಇರಿಸಿರುವ ಒಂದು ಫ್ರಿಜ್ಜಿಗೆ ಅವರು ವಾರಕ್ಕೊಮ್ಮೆ ಆಹಾರವನ್ನು ತುಂಬಿ ಬರುತ್ತಾರಂತೆ. ಯಾರು ಬೇಕಾದರೂ ಅದರಲ್ಲಿ ಇಡಬಹುದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಕೇಳುವವರಿಲ್ಲ, ತಡೆಯುವವರಿಲ್ಲ. ಮಗನ ಮನೆಗೆ ಹೋಗಿದ್ದಾಗ ಇದನ್ನು ಕಣ್ಣಾರೆ ಕಂಡ ಆ ತಾಯಿಗೆ ಸಂತೋಷವೂ ಆಯಿತು, ಸಂದೇಹವೂ ಹುಟ್ಟಿತು. ಬಾಗಿಲಿಗೆ ಬಂದವರನ್ನು ಒಳಗೆ ಕರೆದು, ಕೈಕಾಲಿಗೆ ನೀರು ಕೊಟ್ಟು, ಕೂಡಿಸಿ ಉಣಬಡಿಸುವ ನಮ್ಮ ಪದ್ಧತಿ ಎಲ್ಲಿ, ಬೀದಿಯಲ್ಲೊಂದು ಯಂತ್ರವನ್ನು ನಿಲ್ಲಿಸಿ ಉಳಿದದ್ದನ್ನು ಅದರೊಳಗಿಟ್ಟು ಬರುವುದು ಎಲ್ಲಿ. ಇದನ್ನು ದಾಸೋಹವೆಂದು ಕರೆಯಬಹುದೇ ಎಂಬುದು ಅವರ ಪ್ರಶ್ನೆ.

ಪತ್ರದ ಕೊನೆಗೆ ಅವರು ಇನ್ನೊಂದು ಮಾತನ್ನೂ ಸೇರಿಸಿದ್ದಾರೆ. ಫ್ರಿಜ್ಜಿಗೆ ಕನ್ನಡ ಜನ ವಿನೋದವಾಗಿ ‘ತಂಗಳ ಪೆಟ್ಟಿಗೆ’ ಎನ್ನುವುದುಂಟಷ್ಟೆ. ಹೆಸರಿನಲ್ಲಿಯೇ ತಂಗಳು ಇರುವಾಗ ಹಸಿದವರಿಗೆ ಅದರಿಂದ ಬರುವುದಾದರೂ ಏನು ಎಂದು ಅವರು ಕೇಳಿದ್ದಾರೆ. ವಿನೋದದ ಮಾತಾದರೂ ಅದರ ಹಿಂದೆ ಅಡುಗೆಮನೆಯ ಅನುಭವವಿದೆ. ಈ ಸಲದ ಅಂಕಣವನ್ನು ನಾವು ಅವರ ಪ್ರಶ್ನೆಗೇ ಮೀಸಲಿಡುತ್ತೇವೆ.

ಇಂಥ ಸಾರ್ವಜನಿಕ ಫ್ರಿಜ್ಜುಗಳ ಹುಟ್ಟು ಬಹಳ ಹಿಂದಿನದೇನೂ ಅಲ್ಲ. ಜರ್ಮನಿಯಲ್ಲಿ ೨೦೧೨ರಲ್ಲಿ ಆರಂಭವಾದ ‘ಫುಡ್‌ಶೇರಿಂಗ್’ ಎಂಬ ಚಳವಳಿಯ ಕಾರ್ಯಕರ್ತರು ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ, ಆದರೆ ಕೆಡದೆ ಇರುವ ಆಹಾರವನ್ನು ಸಂಗ್ರಹಿಸಿ, ಬರ್ಲಿನ್ ಮೊದಲಾದ ನಗರಗಳಲ್ಲಿ ಫ್ರಿಜ್ಜು ಕಪಾಟುಗಳಲ್ಲಿಟ್ಟು ಎಲ್ಲರಿಗೂ ತೆರೆದಿಟ್ಟರು. ಆದರೆ ಲೋಕದ ಗಮನವನ್ನು ಹೆಚ್ಚಾಗಿ ಸೆಳೆದದ್ದು ಸ್ಪೇನ್ ದೇಶದ ಗಾಲ್ಡಕಾವೊ ಎಂಬ ಸಣ್ಣ ಊರು. ಬಿಲ್ಬಾವೊ ನಗರದ ಮಗ್ಗುಲಲ್ಲಿರುವ, ಸುಮಾರು ೩೦ ಸಾವಿರ ಜನವಸತಿಯ ಈ ಊರಿನಲ್ಲಿ ಆಲ್ವಾರೊ ಸಾಯಿಸ್ ಎಂಬುವರು ತಮ್ಮ ಸ್ವಯಂಸೇವಕ ಬಳಗದೊಡನೆ ೨೦೧೫ರ ಏಪ್ರಿಲ್ ತಿಂಗಳಲ್ಲಿ ಕಾಲುದಾರಿಯ ಮೇಲೆ ಒಂದು ಫ್ರಿಜ್ಜನ್ನು ನಿಲ್ಲಿಸಿದರು. ಯಾರೋ ಬೀದಿಗೆ ಎಸೆದುಹೋದ ಹಳೆಯ ಸಾಮಾನೆಂದು ಜನ ತಪ್ಪು ತಿಳಿಯಬಾರದೆಂದು ಅದರ ಸುತ್ತಲೂ ಮರದ ಚಿಕ್ಕದೊಂದು ಬೇಲಿ ಕಟ್ಟಿದರು. ನಿಲ್ಲಿಸುವ ಮುನ್ನವೇ ಊರಿನ ಪುರಸಭೆಯೊಡನೆ ಮಾತನಾಡಿ, ವಿದ್ಯುತ್ತಿನ ಏರ್ಪಾಡು, ಆಹಾರದ ಸುರಕ್ಷತೆ, ಕಾನೂನಿನ ಹೊಣೆ ಇವೆಲ್ಲವನ್ನೂ ಇತ್ಯರ್ಥ ಮಾಡಿಕೊಂಡಿದ್ದರು ಎಂಬುದು ಗಮನಾರ್ಹವಾದ ಸಂಗತಿ. ಒಳ್ಳೆಯ ಕೆಲಸಕ್ಕೆ ಕಾಗದಪತ್ರವೇಕೆ ಎನ್ನುವ ನಮ್ಮವರು ಇದನ್ನು ನೋಡಬೇಕು.

ಅವರು ಮಾಡಿಕೊಂಡ ನಿಯಮಗಳು ಬೆರಳೆಣಿಕೆಯಷ್ಟೆ. ಹಸಿ ಮಾಂಸ, ಮೀನು, ಮೊಟ್ಟೆ ಇಡುವಂತಿಲ್ಲ. ಅವಧಿ ಮೀರಿದ ಪೊಟ್ಟಣವನ್ನು ಇಡುವಂತಿಲ್ಲ. ಮನೆಯಲ್ಲಿ ಮಾಡಿದ ಅಡುಗೆಯಾದರೆ ಮಾಡಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ನಾಲ್ಕು ದಿನದೊಳಗೆ ಯಾರೂ ಒಯ್ಯದಿದ್ದರೆ ಸ್ವಯಂಸೇವಕರೇ ಅದನ್ನು ತೆಗೆದುಹಾಕುತ್ತಾರೆ. ಇನ್ನು ತೆಗೆದುಕೊಳ್ಳುವವರ ವಿಷಯಕ್ಕೆ ಬಂದರೆ ನಿಯಮವೇ ಇಲ್ಲ. ಈ ಫ್ರಿಜ್ಜು ಬಡವರಿಗೆಂದು ಮೀಸಲಾದುದಲ್ಲ, ಅನ್ನ ಹಾಳಾಗಬಾರದೆಂಬುದೇ ಇದರ ಉದ್ದೇಶ, ಶ್ರೀಮಂತನೊಬ್ಬ ಬಂದು ಒಯ್ದರೂ ಅಡ್ಡಿಯಿಲ್ಲ ಎಂಬುದು ಸಾಯಿಸ್ ಅವರ ನಿಲುವಾಗಿತ್ತು. ಮೇಲುನೋಟಕ್ಕೆ ಇದು ಉದಾಸೀನದ ಮಾತಿನಂತೆ ತೋರಬಹುದು. ಆದರೆ ಇದರಲ್ಲಿ ಸೂಕ್ಷ್ಮವಿದೆ. ಬಡವರಿಗೆ ಮಾತ್ರ ಎಂದು ಫಲಕ ಹಾಕಿದ ಮರುಕ್ಷಣವೇ ಆ ಬಾಗಿಲಿಗೆ ಕೈಹಾಕುವವನು ತಾನು ಬಡವನೆಂದು ಬೀದಿಗೆಲ್ಲ ಸಾರಿಕೊಂಡಂತಾಗುತ್ತದೆ. ಎಲ್ಲರಿಗೂ ಎಂದಾಗ ಆ ಲಜ್ಜೆ ತಾನಾಗಿಯೇ ಕರಗುತ್ತದೆ.

ನಮ್ಮ ದೇಶಕ್ಕೂ ಈ ಪದ್ಧತಿ ಬೇಗನೆ ಬಂದಿತು. ೨೦೧೬ರ ಮಾರ್ಚ್ ತಿಂಗಳಲ್ಲಿ ಕೊಚ್ಚಿ ನಗರದ ಕಲೂರಿನಲ್ಲಿ ‘ಪಪ್ಪಡವಡ’ ಎಂಬ ಉಪಾಹಾರಗೃಹದ ಒಡತಿ ಮೀನು ಪೌಲಿನ್ ಅವರು ತಮ್ಮ ಅಂಗಡಿಯ ಹೊರಗೆ ಫ್ರಿಜ್ಜೊಂದನ್ನಿಟ್ಟು ಅದಕ್ಕೆ ‘ನನ್ಮ ಮರಂ’, ಅಂದರೆ ಒಳಿತಿನ ಮರ ಎಂದು ಹೆಸರಿಟ್ಟರು. ಹಸಿವಿನಿಂದ ನಿದ್ರೆ ಬಾರದೆ ರಾತ್ರಿಯ ಹೊತ್ತು ಕಸದ ತೊಟ್ಟಿಯಲ್ಲಿ ಅನ್ನ ಹುಡುಕುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಕಂಡದ್ದೇ ಇದಕ್ಕೆ ಪ್ರೇರಣೆಯಾಯಿತೆಂದು ಅವರು ಹೇಳಿದ್ದಾರೆ. ಹಗಲಿರುಳೂ ಬೀಗವಿಲ್ಲದ ಆ ಫ್ರಿಜ್ಜಿಗೆ ಅವರ ಅಂಗಡಿಯಿಂದಲೇ ದಿನವೂ ೭೫-೮೦ ಪೊಟ್ಟಣ ಆಹಾರ ಹೋಗುತ್ತಿತ್ತು. ಮರುವರ್ಷ, ೨೦೧೭ರ ಆಗಸ್ಟ್ ತಿಂಗಳಲ್ಲಿ, ಚೆನ್ನೈನ ಬೆಸಂಟ್ ನಗರದಲ್ಲಿ ದಂತವೈದ್ಯೆ ಡಾ. ಈಸಾ ಫಾತಿಮಾ ಜಾಸ್ಮಿನ್ ಅವರು ‘ಅಯ್ಯಮಿಟ್ಟು ಉಣ್’ ಎಂಬ ಹೆಸರಿನಿಂದ ಇಂಥದೇ ಕೆಲಸವನ್ನು ಆರಂಭಿಸಿದರು. ಇಲ್ಲದವರಿಗೆ ಇಕ್ಕಿ ಬಳಿಕ ಉಣ್ಣು ಎಂಬುದು ಆ ಹೆಸರಿನ ಅರ್ಥ. ಅಲ್ಲಿ ಆಹಾರದ ಜೊತೆಗೆ ಬಟ್ಟೆ, ಪುಸ್ತಕ, ಮಕ್ಕಳ ಆಟಿಕೆಗಳಿಗೂ ಒಂದು ಕಪಾಟು ಇಟ್ಟರು. ನೋಡಿಕೊಳ್ಳಲು ಒಬ್ಬ ಕಾವಲುಗಾರನನ್ನೂ ನೇಮಿಸಿದರು. ಅದೇ ೨೦೧೭ರಲ್ಲಿ ನಮ್ಮ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯಲ್ಲಿಯೂ ಇಂಥ ಫ್ರಿಜ್ಜು ತೆರೆಯಿತು. ೨೦೨೦ರ ಕೊರೋನಾ ಕಾಲದಲ್ಲಿ ಅಮೆರಿಕೆಯ ನ್ಯೂಯಾರ್ಕ್ ನಗರದ ಬೀದಿಬೀದಿಗಳಲ್ಲಿ ಇವು ಎದ್ದುನಿಂತ ಸಂಗತಿ ಅಲ್ಲಿರುವ ನಮ್ಮ ಬಂಧುಗಳಿಗೆ ಗೊತ್ತೇ ಇದೆ.

ಇಷ್ಟು ಇತಿಹಾಸ ಸಾಕು. ಈಗ ಆ ತಾಯಿಯ ಸಂದೇಹದ ಮೂಲಕ್ಕೆ ಬರೋಣ.

ವಿಶ್ವಸಂಸ್ಥೆಯ ಪರಿಸರ ವಿಭಾಗವು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೨ನೆಯ ವರ್ಷದಲ್ಲಿ ಲೋಕದಲ್ಲಿ ೧೦೫ ಕೋಟಿ ಟನ್ ಆಹಾರವು, ಸಿಪ್ಪೆ ಬೀಜಗಳನ್ನೂ ಸೇರಿಸಿ, ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ೬೦ರಷ್ಟು ವ್ಯರ್ಥವಾದದ್ದು ಹೋಟೆಲುಗಳಲ್ಲಲ್ಲ, ಅಂಗಡಿಗಳಲ್ಲಲ್ಲ, ಮನೆಗಳಲ್ಲಿ. ಈ ಲೆಕ್ಕವನ್ನು ಓದಿದವರಿಗೆ ಸಹಜವಾಗಿಯೇ ಒಂದು ವಿಚಾರ ಹೊಳೆಯುತ್ತದೆ: ಒಂದು ಕಡೆ ಚೆಲ್ಲುವ ಅನ್ನವಿದೆ, ಇನ್ನೊಂದು ಕಡೆ ಹಸಿದ ಹೊಟ್ಟೆಯಿದೆ, ನಡುವೆ ಒಂದು ಫ್ರಿಜ್ಜನ್ನಿಟ್ಟರೆ ಎರಡೂ ಸರಿಹೋಗುತ್ತವೆ. ಕೇಳುವುದಕ್ಕೆ ಇದು ಸೊಗಸಾಗಿದೆ. ನಮ್ಮ ಅಭಿಪ್ರಾಯದಲ್ಲಿ ಈ ಸೊಗಸಿನಲ್ಲಿಯೇ ತೊಡಕಿದೆ. ಮದುವೆಯ ತಿಂಗಳಲ್ಲಿ, ಹಬ್ಬದ ಮರುದಿನ ನಮ್ಮ ಮನೆಗಳಲ್ಲಿ ಅಡುಗೆ ಉಳಿಯುತ್ತದೆ. ಆಗ ಫ್ರಿಜ್ಜು ತುಂಬಿ ತುಳುಕುತ್ತದೆ. ಸಾಮಾನ್ಯ ಸೋಮವಾರದಂದು, ಮಂಗಳವಾರದಂದು ಏನೂ ಉಳಿಯುವುದಿಲ್ಲ. ಫ್ರಿಜ್ಜು ಬರಿದಾಗಿ ನಿಲ್ಲುತ್ತದೆ. ಹಸಿವಾದರೋ ಹಬ್ಬ ನೋಡಿ ಬರುವುದಿಲ್ಲ. ಕೂಲಿ ಸಿಗದ ಮಂಗಳವಾರದ ರಾತ್ರಿ ಆ ಬಾಗಿಲನ್ನು ತೆರೆದವನಿಗೆ ಒಳಗೆ ಉರಿಯುವ ದೀಪವೊಂದೇ ಕಂಡರೆ ಅವನು ಮತ್ತೊಮ್ಮೆ ಅತ್ತ ಹಾಯುವುದಿಲ್ಲ.

ಇನ್ನೂ ಒಂದು ಅಪಾಯವಿದೆ. ಉಳಿದದ್ದನ್ನು ಉಳಿಸುವ ಪೆಟ್ಟಿಗೆ ಎಂಬ ಭಾವನೆ ಬಲಿತರೆ ಅದು ಕ್ರಮೇಣ ಮನೆಯ ಕಸದ ಬುಟ್ಟಿಗೆ ಮರ್ಯಾದೆಯ ಹೆಸರಾಗುತ್ತದೆ. ತಾನು ಉಣ್ಣಲಾರದ, ಮಕ್ಕಳಿಗೆ ಬಡಿಸಲಾರದ ಮೂರು ದಿನದ ಸಾರನ್ನು ಚೆಲ್ಲಲು ಮನಸ್ಸು ಒಪ್ಪದೆ ಗೃಹಿಣಿಯೊಬ್ಬಳು ಅಲ್ಲಿಟ್ಟು ಬಂದರೆ ಅವಳ ಮನಸ್ಸೇನೋ ಹಗುರವಾಗುತ್ತದೆ. ಭಾರವೆಲ್ಲ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ.

ಈ ವಿಷಯದಲ್ಲಿ ನಾವು ಇಷ್ಟು ನಿಷ್ಠುರವಾಗಿ ಬರೆಯುವುದಕ್ಕೆ ಕಾರಣವಿದೆ. ನಾವು ಮಠದ ಪ್ರಸಾದನಿಲಯದಲ್ಲಿ ಬೆಳೆದವರು. ಬಾಲ್ಯದಲ್ಲಿ ಕೆಲವು ವರ್ಷ ಕಂತಿಭಿಕ್ಷೆಗೆ ಹೋದವರು. ಹೆಗಲಿಗೆ ಜೋಳಿಗೆ, ಕೈಯಲ್ಲಿ ಹಿತ್ತಾಳೆಯ ಪಾತ್ರೆ. ಹೊತ್ತು ನೆತ್ತಿಗೇರುವುದರೊಳಗೆ ಇಪ್ಪತ್ತು ಮನೆ ಮುಗಿಸಬೇಕು. ರೊಟ್ಟಿಯನ್ನು ಜೋಳಿಗೆಗೆ ಹಾಕುತ್ತಿದ್ದರು, ಪಲ್ಯವನ್ನು ಪಾತ್ರೆಗೆ. ನಾವು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಾಗೆಂದೇ ನಮಗೆ ಕಲಿಸಿದ್ದರು. ಆದರೆ ರೊಟ್ಟಿ ಯಾವಾಗಿನದೆಂದು ಜೋಳಿಗೆಯ ಅರಿವೆಯ ಮೂಲಕವೇ ಬೆನ್ನಿಗೆ ಗೊತ್ತಾಗುತ್ತಿತ್ತು. ಹೆಂಚಿನಿಂದ ಇಳಿಸಿದ್ದಾದರೆ ಬೆನ್ನು ಬೆಚ್ಚಗಾಗುತ್ತಿತ್ತು. ಕೆಲವು ಮನೆಗಳಲ್ಲಿ ತಾಯಂದಿರು ಮೊದಲ ರೊಟ್ಟಿಯನ್ನು ಬಡಿದು ಬೇಯಿಸಿ, ಮನೆಯ ಗಂಡಸರಿಗೂ ಕೊಡದೆ, ನಮಗೆಂದು ತೆಗೆದಿರಿಸುತ್ತಿದ್ದರು. ಅನುಕೂಲಸ್ಥರ ಮನೆಯೊಂದಿತ್ತು. ಅಲ್ಲಿ ದಿನವೂ ತಪ್ಪದೆ ಕೊಡುತ್ತಿದ್ದರು, ಕೊಡುವುದೂ ಬಹಳ. ಆದರೆ ಕೊಡುತ್ತಿದ್ದುದು ನಿನ್ನೆಯದು. ಒಮ್ಮೆ ಆ ಮನೆಯ ಹುಳಿ ಹಿಡಿದ ಪಲ್ಯವು ಉಳಿದ ಹತ್ತೊಂಬತ್ತು ಮನೆಗಳ ಪಲ್ಯದೊಡನೆ ಸೇರಿ ಪಾತ್ರೆಯೆಲ್ಲ ಕೆಟ್ಟುಹೋಯಿತು. ಅಂದು ಮಠದ ಹುಡುಗರೆಲ್ಲ ಬರಿಯ ರೊಟ್ಟಿಯನ್ನೇ ನೀರಿನಲ್ಲಿ ನೆನೆಸಿಕೊಂಡು ಉಂಡರು. ನಮ್ಮ ಗುರುಗಳು ಆ ಮನೆಯವರನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಮರುದಿನದಿಂದ ಎರಡು ಪಾತ್ರೆಗಳನ್ನು ಕೊಟ್ಟು ಕಳಿಸಿದರು. ಆ ಎರಡನೆಯ ಪಾತ್ರೆ ಯಾವ ಮನೆಗೆಂದು ಹುಡುಗರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೊಟ್ಟವರಿಗೆ ಇಂಥದು ತಿಳಿಯದೆ ಹೋಗಬಹುದು. ಪಡೆದವರಿಗೆ ಐವತ್ತು ವರ್ಷ ಕಳೆದರೂ ಮರೆಯುವುದಿಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ ಇರುತ್ತದೆ; ದಾಸೋಹದಲ್ಲಿ ಕೊಡುವವನು ತಾನೇ ಸೇವಕನಾಗಿ ನಿಲ್ಲುತ್ತಾನೆ. ಈ ಭಾವವು ಫ್ರಿಜ್ಜಿನ ಮುಂದೆ ಹೇಗೆ ಉಳಿದೀತು ಎಂಬುದೇ ಮುಖ್ಯ ಪ್ರಶ್ನೆ. ಬೀದಿಯ ಫ್ರಿಜ್ಜಿನಲ್ಲಿ ಪಡೆಯುವವನನ್ನು ಯಾರೂ ನೋಡುವುದಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಇಡುವವನನ್ನೂ ಯಾರೂ ನೋಡುವುದಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಪಂಕ್ತಿಯಲ್ಲಿ ಬಡಿಸುವಾಗ ಹಳಸಿದ ಅನ್ನವನ್ನು ಬಡಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಉಣ್ಣುವವರ ಕಣ್ಣು ಎದುರಿಗಿರುತ್ತದೆ. ಇಲ್ಲಿ ಹಾಗಿಲ್ಲ. ಬಾಗಿಲು ತೆರೆದು ಇಟ್ಟು ಮುಚ್ಚಿ ನಡೆದರಾಯಿತು. ಹೊಗಳಿಕೆಯೂ ಇಲ್ಲ, ನಿಂದೆಯೂ ಇಲ್ಲ. ಆ ಒಂದು ನಿಮಿಷದಲ್ಲಿ ನಾವು ಕೈಯಲ್ಲಿ ಏನು ಹಿಡಿದಿದ್ದೇವೆ ಎಂಬುದು ನಮಗೆ ಮಾತ್ರ ಗೊತ್ತು. ಆದುದರಿಂದ ಉಳಿದದ್ದನ್ನು ಇಡುವುದಕ್ಕಿಂತ, ಇಡುವುದಕ್ಕೆಂದೇ ಮಾಡಿದ್ದನ್ನು ಅಥವಾ ಕೊಂಡದ್ದನ್ನು ಇಡುವುದೇ ಈ ಕಾರ್ಯದ ಜೀವಾಳವೆಂದು ನಾವು ತಿಳಿಯುತ್ತೇವೆ. ಅಂಗಡಿಗಳಲ್ಲಿ ಉಳಿದ ಒಳ್ಳೆಯ ಪದಾರ್ಥ ಬರಲಿ, ಬೇಡವೆನ್ನುವುದಿಲ್ಲ. ಆದರೆ ಅದರ ಮೇಲೆಯೇ ಫ್ರಿಜ್ಜು ನಡೆಯಬಾರದು.

ಇದು ನಮ್ಮವರಿಗೆ ಹೊಸತೂ ಅಲ್ಲ, ಕಷ್ಟವೂ ಅಲ್ಲ. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿದವರಿಗೆ ಗೊತ್ತು. ಜಾತ್ರೆಗೆ ವಾರಗಟ್ಟಲೆ ಮುಂಚೆಯೇ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಓಣಿಓಣಿಯಲ್ಲಿ ಕೂಡಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಾರೆ. ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಮಹಾದಾಸೋಹಕ್ಕೆ ಬಂದು ಬೀಳುತ್ತದೆ. ಅದರಲ್ಲಿ ಒಂದು ರೊಟ್ಟಿಯೂ ಯಾರ ಮನೆಯಲ್ಲಿಯೂ ಉಳಿದದ್ದಲ್ಲ. ಒಬ್ಬ ದೊಡ್ಡ ದಾನಿಯ ಕೊಡುಗೆಯೂ ಅಲ್ಲ. ಐದು ರೊಟ್ಟಿ ಕೊಟ್ಟ ಮನೆಯೂ ಉಂಟು, ಐನೂರು ಕೊಟ್ಟ ಮನೆಯೂ ಉಂಟು. ರಾಶಿಗೆ ಬಿದ್ದ ಮೇಲೆ ಯಾವುದು ಯಾರದೆಂದು ಹೇಳುವವರಿಲ್ಲ. ಬೀದಿಯ ಫ್ರಿಜ್ಜೂ ಇದೇ ರೀತಿಯಲ್ಲಿ ನಡೆಯಬೇಕಾದುದು. ವ್ಯತ್ಯಾಸವೆಂದರೆ ಜಾತ್ರೆ ವರ್ಷಕ್ಕೊಮ್ಮೆ, ಇದು ದಿನವೂ.

ಪಂಕ್ತಿಭೋಜನವಿರುವಾಗ ಇದೇಕೆ ಎನ್ನುವ ಹಿರಿಯರ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಣ್ಣುವಾಗ ಅಲ್ಲಿ ಅನ್ನದ ಜೊತೆಗೆ ಇನ್ನೂ ಏನೋ ದೊರೆಯುತ್ತದೆ. ಮಗ್ಗುಲಲ್ಲಿ ಕುಳಿತವನು ಯಾರೆಂದು ಕೇಳದೆ ಉಣ್ಣುವ ಪಾಠ ದೊರೆಯುತ್ತದೆ. ಅದನ್ನು ಯಾವ ಫ್ರಿಜ್ಜೂ ಕೊಡಲಾರದು. ಆದರೆ ರಾತ್ರಿಪಾಳಿ ಮುಗಿಸಿ ಎರಡು ಗಂಟೆಗೆ ಹೊರಬರುವ ಕಾವಲುಗಾರನಿಗೆ ಯಾವ ಪಂಕ್ತಿ ಕಾದಿರುತ್ತದೆ? ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಅರ್ಧ ಗಂಟೆಯೂ ಕದಲಲಾರದ ಹಳ್ಳಿಯ ಹೆಣ್ಣುಮಗಳಿಗೆ? ನಿನ್ನೆಯವರೆಗೂ ನಾಲ್ಕು ಜನಕ್ಕೆ ಉಣಬಡಿಸಿ ಇಂದು ಕೆಲಸ ಕಳೆದುಕೊಂಡ ಮನೆಯ ಯಜಮಾನನಿಗೆ? ಇವರು ಅನ್ನಛತ್ರದ ಸಾಲಿನಲ್ಲಿ ನಿಲ್ಲುವವರಲ್ಲ, ಹಸಿದುಕೊಂಡೇ ಮಲಗುವವರು. ಇವರಿಗಾಗಿ ಮುಖವಿಲ್ಲದ ಆ ಪೆಟ್ಟಿಗೆಯೇ ಮೇಲು. ಅದು ಜಾತಿಯನ್ನು ಕೇಳುವುದಿಲ್ಲ ಎಂಬುದೂ ಸಣ್ಣ ಮಾತಲ್ಲ. ಯಾರ ಮನೆಯ ರೊಟ್ಟಿಯನ್ನು ಯಾರು ಉಂಡರೆಂಬ ಲೆಕ್ಕ ಅಲ್ಲಿ ಸಾಧ್ಯವೇ ಇಲ್ಲ.

ಇನ್ನು ಆಚರಣೆಯ ವಿಷಯ. ಭಾವನೆ ಎಷ್ಟೇ ಶುದ್ಧವಾಗಿದ್ದರೂ ಕೆಟ್ಟ ಅನ್ನ ಕೆಟ್ಟದ್ದೇ. ಫ್ರಿಜ್ಜಿನ ತಂಪು ಆಹಾರ ಕೆಡುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಒಳಗಿನ ಉಷ್ಣತೆ ೫ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು. ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ, ನಿಮಿಷಕ್ಕೊಮ್ಮೆ ಬಾಗಿಲು ತೆರೆಯುವ ಬೀದಿಯ ಫ್ರಿಜ್ಜಿಗೆ ಇದು ಸುಲಭವಲ್ಲ. ಆದ್ದರಿಂದ ಅದನ್ನು ನೆರಳಿನಲ್ಲಿ, ಸೂರಿನ ಕೆಳಗೆ ನಿಲ್ಲಿಸಬೇಕು. ಉಷ್ಣಮಾಪಕವೊಂದನ್ನು ಒಳಗಿರಿಸಿ ದಿನಕ್ಕೆರಡು ಬಾರಿ ನೋಡಬೇಕು. ಬಿಸಿ ಪಾತ್ರೆಯನ್ನು ನೇರವಾಗಿ ಒಳಗಿಟ್ಟರೆ ಪಕ್ಕದ ಹಾಲೂ ಮೊಸರೂ ಬಿಸಿಯಾಗುತ್ತವೆ. ಅಗಲವಾದ ತಟ್ಟೆಯಲ್ಲಿ ಹರವಿ, ಆರಿಸಿ, ಎರಡು ಗಂಟೆಯೊಳಗೆ ಇಡಬೇಕು. ವಿದ್ಯುತ್ತು ಹೋದರೆ ಬಾಗಿಲು ತೆರೆಯದಿದ್ದಲ್ಲಿ ಸುಮಾರು ೪ ಗಂಟೆ ತಂಪು ನಿಂತೀತು. ಅದಕ್ಕೂ ಹೆಚ್ಚು ಹೊತ್ತು ಹೋದರೆ ಬೇಯಿಸಿದ ಅಡುಗೆಯನ್ನು, ಹಾಲನ್ನು ಮರುಗದೆ ತೆಗೆದುಹಾಕಬೇಕು.

ಅನ್ನದ ವಿಷಯದಲ್ಲಿ ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನವನ್ನು ಬಹಳ ಹೊತ್ತು ಹೊರಗೆ ಬಿಟ್ಟರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ. ಆ ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಧ್ಯಾಹ್ನದ ಚಿತ್ರಾನ್ನವನ್ನು ಸಂಜೆಯವರೆಗೂ ಹೊರಗಿಟ್ಟು ಬಳಿಕ ಫ್ರಿಜ್ಜಿಗೆ ಒಯ್ಯುವುದು ಆದುದರಿಂದಲೇ ಸಲ್ಲದು. ಮದುವೆಯ ಮಂಟಪದಲ್ಲಿ ನಾಲ್ಕಾರು ಗಂಟೆ ತೆರೆದಿದ್ದ ಅಡುಗೆಗೂ ಇದೇ ಮಾತು. ಅದನ್ನು ಆಗಲೇ, ಅಲ್ಲಿಯೇ ಸಮೀಪದವರಿಗೆ ಉಣಬಡಿಸುವುದು ಲೇಸು. ಫ್ರಿಜ್ಜು ಅದಕ್ಕೆ ಮದ್ದಲ್ಲ. ಕಾಯಿಚಟ್ನಿ ಬೇಡವೇ ಬೇಡ.

ಹಾಗಾದರೆ ಇಡುವುದೇನು? ಬಾಳೆಹಣ್ಣು ಫ್ರಿಜ್ಜಿನಲ್ಲಿ ಕಪ್ಪಾಗುತ್ತದೆ, ಅದನ್ನು ಹೊರಗಿನ ಕಪಾಟಿನಲ್ಲಿಡಿ. ಪೇರಲ, ಕಿತ್ತಳೆ, ಸೌತೆಕಾಯಿ, ಗಜ್ಜರಿ, ತೊಳೆದು ಒರೆಸಿದ ಸೊಪ್ಪು, ಹಾಲಿನ ಮೊಸರಿನ ಮುಚ್ಚಿದ ಪೊಟ್ಟಣ, ಅಂದೇ ಮಾಡಿದ ಚಪಾತಿ, ಒಣಪಲ್ಯ ಇವು ಯೋಗ್ಯ. ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳಿಗೆ ಫ್ರಿಜ್ಜೇ ಬೇಕಾಗಿಲ್ಲ. ಮಗ್ಗುಲಲ್ಲಿ ಒಂದು ಜಾಳಿಗೆಯ ಕಪಾಟಿದ್ದರೆ ಸಾಕು. (ಈ ರೊಟ್ಟಿಯನ್ನು ಕಂಡುಹಿಡಿದ ತಾಯಂದಿರಿಗೆ ಫ್ರಿಜ್ಜು ಕಂಡುಹಿಡಿದವರಿಗಿಂತ ಹೆಚ್ಚಿನ ಬುದ್ಧಿಯಿತ್ತೆಂದು ನಾವು ಆಗಾಗ ಹೇಳಿ ಕೇಳಿದವರನ್ನು ನಗಿಸುವುದುಂಟು.) ಪ್ರತಿಯೊಂದು ಪೊಟ್ಟಣದ ಮೇಲೆ ಒಳಗೇನಿದೆ, ಯಾವ ದಿನ ಮಾಡಿದ್ದು, ಶೇಂಗಾ ಅಥವಾ ಹಾಲು ಸೇರಿದೆಯೇ ಎಂದು ಬರೆಯಬೇಕು, ಶೇಂಗಾ ಒಗ್ಗದವರೂ ಇದ್ದಾರೆ. ಹೆಸರು ಬರೆಯುವುದು ಬೇಡ.

ಬ್ರಿಟನ್ನಿನಲ್ಲಿ ೨೦೧೬ರಲ್ಲಿ ಫ್ರೋಮ್ ಎಂಬ ಊರಿನಿಂದ ಆರಂಭವಾಗಿ ಹಲವು ನೂರು ಕಡೆ ಹರಡಿರುವ ಸಮುದಾಯ ಫ್ರಿಜ್ಜುಗಳಲ್ಲಿ ಮನೆಯಲ್ಲಿ ಬೇಯಿಸಿದ ಅಡುಗೆಯನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ; ನೋಂದಾಯಿತ ಅಡುಗೆಮನೆಗಳಿಂದ ಬಂದರೆ ಮಾತ್ರ ಸೇರಿಸುತ್ತಾರೆ. ಬರ್ಲಿನ್ನಿನಲ್ಲಿ ೨೦೧೬ರಲ್ಲಿ ಅಧಿಕಾರಿಗಳು ಈ ಫ್ರಿಜ್ಜುಗಳಿಗೂ ಆಹಾರೋದ್ಯಮದ ಕಟ್ಟುನಿಟ್ಟುಗಳೇ ಅನ್ವಯವಾಗಬೇಕೆಂದಾಗ ಸ್ವಯಂಸೇವಕರಿಗೂ ಅವರಿಗೂ ದೊಡ್ಡ ವಾದವೇ ನಡೆಯಿತು. ಮನೆಯ ಅಡುಗೆಯನ್ನು ಪೂರ್ತಿ ಹೊರಗಿಡುವುದು ನಮ್ಮ ದೇಶಕ್ಕೆ ಒಪ್ಪುವಂಥದಲ್ಲವೆಂದು ನಮಗೆ ತೋರುತ್ತದೆ. ಆದರೆ ಅವರ ಭಯ ಸುಳ್ಳಲ್ಲ. ನಮ್ಮಲ್ಲಿಯೂ ೨೦೧೯ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆ ನಿಯಮಾವಳಿಯನ್ನು ಮಾಡಿದೆ. ಸಂಘವೊಂದು ಈ ಕೆಲಸಕ್ಕೆ ಕೈಹಾಕುವ ಮುನ್ನ ಬಲ್ಲವರಿಂದ ಅದನ್ನು ಓದಿಸಿ ಕೇಳಬೇಕು.

ಫ್ರಿಜ್ಜು ಕೊಡಿಸುವ ದಾನಿಗಳು ಎಲ್ಲ ಊರಲ್ಲಿಯೂ ಸಿಗುತ್ತಾರೆ. ಉದ್ಘಾಟನೆಗೆ ಸಿಗುವ ಅತಿಥಿಗಳಂತೂ ಇನ್ನೂ ಸುಲಭ. ಮೂರನೆಯ ತಿಂಗಳ ಒಂದು ಮಳೆಯ ಬೆಳಿಗ್ಗೆ ಆರು ಗಂಟೆಗೆ ಬಂದು, ಒಳಗಿನದನ್ನೆಲ್ಲ ಹೊರತೆಗೆದು, ಚೆಲ್ಲಿದ ಸಾರನ್ನು ಒರೆಸಿ, ದಿನ ಮೀರಿದ್ದನ್ನು ಬೇರ್ಪಡಿಸಿ, ಅಡುಗೆಸೋಡಾ ಬೆರೆಸಿದ ನೀರಿನಿಂದ ಹಲಗೆಗಳನ್ನು ತೊಳೆಯುವವರು ಸಿಗುವುದು ಕಷ್ಟ. ಈ ಕಾರ್ಯ ನಿಂತಿರುವುದೆಲ್ಲ ಅವರ ಮೇಲೆ. ಒಂದು ಓಣಿಯ ಹದಿನಾಲ್ಕು ಮನೆಗಳು ಕೂಡಿದರೆ ದಿನಕ್ಕೆ ಎರಡು ಮನೆಯಂತೆ ಪ್ರತಿ ಮನೆಗೂ ವಾರಕ್ಕೊಂದು ಸರದಿ ಬರುತ್ತದೆ. ಒಂದು ಮನೆ ತೊಳೆದು ನೋಡುವುದು, ಇನ್ನೊಂದು ಮನೆ ಆ ದಿನದ ಆಹಾರವನ್ನು ತುಂಬುವುದು. ಸರದಿಯ ಮನೆಯವರು ಹತ್ತು ಚಪಾತಿಯನ್ನು ಹೆಚ್ಚಿಗೆ ಮಾಡಿ, ಎರಡು ಸೇರು ಹಣ್ಣು, ನಾಲ್ಕು ಪೊಟ್ಟಣ ಮೊಸರು ಇಟ್ಟರೆ ಫ್ರಿಜ್ಜು ಯಾವ ಮಂಗಳವಾರವೂ ಬರಿದಾಗುವುದಿಲ್ಲ. ನಿವೃತ್ತರಾಗಿ ಬೆಳಗಿನ ವಾಯುವಿಹಾರಕ್ಕೆ ಹೋಗುವ ನಮ್ಮ ವಯಸ್ಸಿನವರು ದಾರಿಯಲ್ಲಿ ನಿಂತು ಉಷ್ಣಮಾಪಕವನ್ನು ನೋಡಿ ಹೋಗಬಹುದು. ದಿನಾಂಕದ ಚೀಟಿಯನ್ನು ಮಕ್ಕಳ ಕೈಯಿಂದ ಬರೆಯಿಸಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ, ಅಂಕಿ ಸ್ಪಷ್ಟವಾಗಿದ್ದರಾಯಿತು.

ಒಬ್ಬನೇ ಬಂದು ಎಲ್ಲವನ್ನೂ ಬಾಚಿಕೊಂಡು ಹೋದರೆ ಏನು ಮಾಡಬೇಕೆಂದು ಕೇಳುವವರು ಇದ್ದೇ ಇರುತ್ತಾರೆ. ಎಂಜಲ ಕೈಯಲ್ಲಿ ಕಾಗೆ ಓಡಿಸದವರೇ ಈ ಪ್ರಶ್ನೆಯನ್ನು ಮೊದಲು ಕೇಳುತ್ತಾರೆ ಎಂಬುದು ನಮ್ಮ ಅನುಭವ. ಇರಲಿ, ಪ್ರಶ್ನೆಗೆ ಉತ್ತರವಿದೆ. ಅವನ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ನಮಗೆ ತಿಳಿಯದು. ಅವನನ್ನು ತಡೆಯಲು ಒಬ್ಬನನ್ನು ಕೂರಿಸಿದರೆ ಅವನ ಹಿಂದೆ ಬರುವ ಹತ್ತು ಜನ ದೂರದಿಂದಲೇ ತಿರುಗಿ ಹೋಗುತ್ತಾರೆ. ಚೆನ್ನೈಯಲ್ಲಿ ಇರಿಸಿದಂತೆ ಕಾವಲುಗಾರನಿದ್ದರೆ ಅವನು ಇಡುವವರ ಕೈಯನ್ನು ನೋಡಲಿ, ಒಯ್ಯುವವರ ಮುಖವನ್ನು ನೋಡುವುದು ಬೇಡ. ಸಣ್ಣ ಸಣ್ಣ ಪೊಟ್ಟಣಗಳನ್ನು ಮಾಡಿ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಇಟ್ಟರೆ ಈ ತೊಡಕು ಬಹುಮಟ್ಟಿಗೆ ತಾನೇ ತೀರುತ್ತದೆ.

ಪತ್ರ ಬರೆದ ತಾಯಿಯವರು ಮುಂದಿನ ಸಲ ಮಗನ ಮನೆಗೆ ಹೋದಾಗ ಸೊಸೆಯ ಜೊತೆಗೆ ತಾವೂ ಒಲೆಯ ಮುಂದೆ ಕುಳಿತು ಹತ್ತು ರೊಟ್ಟಿ ಬಡಿದುಕೊಡಲಿ. ಹೋಗುವಾಗ ಒಂದು ಪೆನ್ನು, ಒಂದು ಗೇಣು ದಾರವನ್ನೂ ಒಯ್ಯಲಿ. ಚೀಟಿ ಬರೆಯಲು ಇಟ್ಟ ಪೆನ್ನು ಎರಡು ದಿನವೂ ನಿಲ್ಲುವುದಿಲ್ಲವಂತೆ; ಫ್ರಿಜ್ಜಿನ ಹಿಡಿಕೆಗೆ ಕಟ್ಟಿಬಿಟ್ಟರೆ ನಿಂತೀತು.